ನಮಗೆ ಇಬ್ಬರೇ

ನಮ್ಮ ಚರ್ಚಿನಲ್ಲಿ ಮದುವೆಯಾಗಬೇಕಾದರೆ ಮೊದಲು ಎರಡು ದಿನದ ತರಬೇತಿಗೆ ಕೂರಬೇಕು. ಕೂರದಿದ್ದರೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದಿದ್ದರೆ ಮದುವೆ ಇಲ್ಲ. ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡು, ಏದುಸಿರು ಬಿಡುತ್ತಾ ಓಡಿಬರುವ ಜೋಡಿಗಳಿಗೆ ಎರಡನೆಯ ದಿನ ಮಧ್ಯಾಹ್ನ, ಊಟವಾಗಿ ಕಣ್ಣೆಳೆಯುವ ಹೊತ್ತಿಗೆ, ನನ್ನ ಪಾಠ. ಮಕ್ಕಳ ನಡುವಿನ ಅಂತರದ ಬಗ್ಗೆ ಧರ್ಮಾಧ್ಯಕ್ಷರು, ಅಂದರೆ ನಮ್ಮ ಬಿಷಪ್ಪರು, ಏನು ಬೋಧಿಸುತ್ತಾರೆ ಅನ್ನುವುದು ವಿಷಯ. ಹನ್ನೊಂದು ವರ್ಷ ಆ ಪಾಠ ಮಾಡಿದೆ. ಒಬ್ಬರಾದರೂ ತೂಕಡಿಸಲಿ ನೋಡೋಣ! ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಂಟಲು ಹರಿದುಕೊಂಡವಳು ನಾನು. ಈಗ ಬಿಟ್ಟಿದ್ದೇನೆ. ಯಾಕೆ ಬಿಟ್ಟಿರಿ ಎಂದು ಚರ್ಚಿನಲ್ಲಿ ಕೇಳಿದವರಿಗೆಲ್ಲ ಮಂಡಿನೋವು ಅಂದಿದ್ದೇನೆ. ಅದೂ ಒಂದು ಸುಳ್ಳೇ.

ಧರ್ಮಾಧ್ಯಕ್ಷರ ಕಡೆಯಿಂದ ಬಂದ ನಾಲ್ಕು ಪುಟದ ಹಾಳೆಯನ್ನು ಹಿಡಿದು ನಾನು ಪಾಠ ಮಾಡುತ್ತಿದ್ದೆ. ಮಗು ದೇವರ ವರ. ಮಕ್ಕಳಾಗದಂತೆ ಗುಳಿಗೆ ನುಂಗುವುದು, ಆಪರೇಷನ್ ಮಾಡಿಸಿಕೊಳ್ಳುವುದು ಸಲ್ಲ. ಗಂಡ ಹೆಂಡತಿ ಮಾತಾಡಿಕೊಂಡು, ತಿಂಗಳಲ್ಲಿ ಕೆಲವು ದಿನ ದೂರವಿದ್ದು ಅಂತರ ಕಾಯ್ದುಕೊಳ್ಳಬಹುದು. ಆ ದಿನಗಳನ್ನು ಗುರುತು ಹಾಕಲು ಒಂದು ಚಾರ್ಟ್, ಹಸಿರು ಚುಕ್ಕೆ, ಕೆಂಪು ಚುಕ್ಕೆ. ಇಷ್ಟು ಮೂರು ಪುಟ. ನಾಲ್ಕನೆಯದರಲ್ಲಿ ಇನ್ನೊಂದು ಮಾತಿತ್ತು. ಈ ದಾರಿಯಲ್ಲಿ ನಡೆಯಲಾಗದೆ ಕಷ್ಟಪಡುವವರನ್ನು ದೂರಬೇಡಿ, ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ ಎಂಬರ್ಥದ ಮಾತು. ಅಲ್ಲಿಗೆ ಬರುವಷ್ಟರಲ್ಲಿ ಟೀ ಬಂದುಬಿಡುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ನಾನು ನಾಲ್ಕನೆಯ ಪುಟ ಓದಲಿಲ್ಲ.

ಮೊದಲನೆಯ ವರ್ಷವೇ ಒಬ್ಬ ತರಲೆ ಮದುಮಗ ಕೈ ಎತ್ತಿದ. "ಆಂಟಿ, ಇದೆಲ್ಲಾ ನಿಜವಾಗ್ಲೂ ವರ್ಕ್ ಆಗುತ್ತಾ?"

ಎಲ್ಲರೂ ಕಿಸಕ್ಕನೆ ನಕ್ಕರು. ನನಗೆ ರೇಗಿತು. "ಯಾಕಪ್ಪಾ ಆಗಲ್ಲ? ನಮ್ಮನ್ನೇ ನೋಡು. ನಮಗೆ ಇಬ್ಬರೇ" ಅಂದುಬಿಟ್ಟೆ.

ನಗು ನಿಂತಿತು. ಬಾಗಿಲ ಹತ್ತಿರ ನಿಂತಿದ್ದ ಫಾದರ್ ಮೆಚ್ಚಿ ತಲೆದೂಗಿದರು. ಅಷ್ಟೇ ಸಾಕಾಯಿತು ನನಗೆ. ಮುಂದಿನ ಸಲದಿಂದ ಯಾರೂ ಕೇಳದಿದ್ದರೂ ನಾನೇ ಹೇಳತೊಡಗಿದೆ.

ನಮಗೆ ಇಬ್ಬರೇ, ಅದರಲ್ಲಿ ಸುಳ್ಳಿಲ್ಲ. ಯಾಕೆ ಇಬ್ಬರೇ ಅನ್ನುವುದರಲ್ಲಿತ್ತು ಸುಳ್ಳು. ಎರಡನೆಯ ಹೆರಿಗೆಯಲ್ಲಿ ಬಿಪಿ ಏರಿ, ಕಣ್ಣು ಮಂಜಾಗಿ, ಸಿಜೇರಿಯನ್ ಮಾಡಬೇಕಾಯಿತು. "ಜೊತೆಗೇ ಆಪರೇಷನ್ ಮಾಡಿಬಿಡ್ಲಾ?" ಎಂದು ಡಾಕ್ಟರಮ್ಮ ಕೇಳಿದಾಗ "ಮಾಡಿಬಿಡಿ ಡಾಕ್ಟ್ರೇ" ಅಂದೆ. ಒಂದು ನಿಮಿಷವೂ ಯೋಚಿಸಲಿಲ್ಲ. ಸಾಯುತ್ತೇನೆಂದು ಹೆದರಿದ್ದೆ. ಯಜಮಾನರು ಸಹಿ ಹಾಕಿಕೊಟ್ಟರು.

ಆಮೇಲೆ ಪಾಪನಿವೇದನೆಗೆ ಹೋಗಿ, ಜಾಲರಿಯ ಆಚೆ ಕೂತಿದ್ದ ವಯಸ್ಸಾದ ಫಾದರ್‌ಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ತುಂಬಾ ಹೆದರ್ಕೊಂಡಿದ್ಯೇನಮ್ಮಾ?" ಎಂದು ಕೇಳಿದರು. ಅಲ್ಲೇ ಮೊಣಕಾಲೂರಿ ಬಿಕ್ಕಿ ಬಿಕ್ಕಿ ಅತ್ತೆ. ಕ್ಷಮೆ ಸಿಕ್ಕಿತು, ಹಗುರಾಗಿ ಮನೆಗೆ ಬಂದೆ. ಬೋಧನೆ ಸರಿಯೋ ತಪ್ಪೋ ಎಂದು ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೆ ಕ್ಲಾಸಿನಲ್ಲಿ ನಾನು ಓದದೆ ಮಡಚಿಡುತ್ತಿದ್ದ ಆ ನಾಲ್ಕನೆಯ ಪುಟ ಇದೆಯಲ್ಲ, ಅದು ನನಗೆ ಅವತ್ತೇ ಸಿಕ್ಕಿತ್ತು. ಬೇರೆಯವರಿಗೆ ಮಾತ್ರ ಮೂರು ಪುಟ ಸಾಕು ಅನ್ನಿಸಿತು.

ಈ ಪಾಠವನ್ನು ಗಂಡ ಹೆಂಡತಿ ಜೋಡಿಯಾಗಿ ಮಾಡಬೇಕು. ಯಜಮಾನರು ಎರಡು ವರ್ಷ ಬಂದರು. ನಾನು "ಇಬ್ಬರೇ" ಅಂದಾಗಲೆಲ್ಲ ಎದ್ದು ಫ್ಯಾನಿನ ಸ್ವಿಚ್ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಮೂರನೆಯ ವರ್ಷ "ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನನ್ ಕೈಲಾಗಲ್ಲ ಕಣೇ, ನೀನೇ ಹೋಗು" ಅಂದರು.

"ನಾನೇನ್ ಸುಳ್ಳು ಹೇಳಿದ್ನಾ? ಇಬ್ಬರಲ್ದೆ ನಾಲ್ಕು ಜನ ಇದ್ದಾರಾ ನಮಗೆ?" ಎಂದು ಜಗಳಕ್ಕೇ ನಿಂತೆ. ಅವರು ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೋದರು.

ಒಂದು ವರ್ಷ ಕ್ಲಾಸಿನಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇಟ್ಟಮಡುವಿನಲ್ಲಿ, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದವಳು. ಆಮೇಲೆ ನನ್ನ ಬ್ಲೌಸುಗಳೆಲ್ಲ ಅವಳ ಹತ್ತಿರವೇ. ಅವಳಿಗೆ ಮೊದಲನೆಯದು ಹೆಣ್ಣುಮಗು, ಸಿಜೇರಿಯನ್. ಎರಡನೆಯದು ಹೊಟ್ಟೆಯಲ್ಲಿದ್ದು ಎಂಟು ತಿಂಗಳಾಗಿದ್ದಾಗ ಜೆ.ಪಿ. ನಗರದ ನಮ್ಮ ಮನೆಗೆ ಬ್ಲೌಸ್ ಕೊಡಲು ಬಂದಳು. ಕೊಟ್ಟ ಮೇಲೂ ಹೋಗಲಿಲ್ಲ.

"ಆಂಟಿ, ಇದೂ ಸಿಜೇರಿಯನ್ನೇ ಅಂತಾರೆ ಡಾಕ್ಟ್ರು. ಒಳಗೆ ಹಳೇ ಹೊಲಿಗೆ ಜಾಗ ತುಂಬಾ ತೆಳ್ಳಗಾಗಿದ್ಯಂತೆ. ಇನ್ನೊಂದ್ ಸಲ ಬಸುರಿಯಾದ್ರೆ ಜೀವಕ್ಕೇ ಅಪಾಯ, ಜೊತೇಲೇ ಆಪರೇಷನ್ ಮಾಡಿಬಿಡ್ತೀವಿ ಅಂತಾರೆ. ನೀವೇನ್ ಮಾಡಿದ್ರಿ ಆಂಟಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನೇ ತಾನಾಗಿ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಿತು. "ಕ್ಲಾಸಲ್ಲೇ ಹೇಳಿದ್ನಲ್ಲಮ್ಮಾ, ಧರ್ಮಾಧ್ಯಕ್ಷರು ಏನಂತಾರೆ ಅಂತ" ಅಂದೆ.

"ಅದು ಗೊತ್ತು ಆಂಟಿ. ನೀವೇನ್ ಮಾಡಿದ್ರಿ?"

ಒಳಗೆ ಯಜಮಾನರು ಪೇಪರ್ ಮಡಚಿಟ್ಟ ಸದ್ದು ಕೇಳಿಸಿತು. ಈಗಲಾದರೂ ಹೇಳುತ್ತಾಳೇನೋ ಎಂದು ಕಾದರೋ ಏನೋ. "ದೇವರ ಮೇಲೆ ಭಾರ ಹಾಕಿ ಚಾರ್ಟ್ ನೋಡ್ಕೊಂಡ್ವಿ. ಇಬ್ಬರೇ ಆಗ್ಲಿಲ್ವಾ?" ಅಂದೆ. ಥೂ, ನನ್ನ ನಾಲಿಗೆಗಿಷ್ಟು! ಬೀರುವಿನಿಂದ ಒಂದು ಹೊಸ ಚಾರ್ಟ್ ಬೇರೆ ತಂದುಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದಳು.

ಅವಳು ಆಪರೇಷನ್ ಬೇಡ ಅಂದಳಂತೆ. ಎರಡನೆಯದೂ ಹೆಣ್ಣು. ಆ ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಮತ್ತೆ ಬಸುರಿ. ಏಳನೆಯ ತಿಂಗಳಲ್ಲಿ, ಮೆಷಿನ್ನಿನ ಮುಂದೆ ಕೂತಿದ್ದಾಗಲೇ, ಆ ಹಳೆಯ ಹೊಲಿಗೆಯ ಜಾಗ ಒಳಗೆ ಹರಿದುಹೋಯಿತು. ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. ರಕ್ತ ಬೇಕು ಎಂದು ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಯಜಮಾನರು ಅರ್ಧ ತಿಂದ ಇಡ್ಲಿ ಬಿಟ್ಟು ಎದ್ದು ಹೋಗಿ ರಕ್ತ ಕೊಟ್ಟು ಬಂದರು. ಬಂದವರು ಕೈಕಾಲು ತೊಳೆದುಕೊಂಡು ಪೇಪರ್ ಹಿಡಿದು ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಆಸ್ಪತ್ರೆಗೆ ಹೋಗಲಿಲ್ಲ. ಮಂಡಿನೋವು ಅಂದೆ. ಆ ಮಂಡಿನೋವು ಶುರುವಾದದ್ದೇ ಅವತ್ತು.

ಗರ್ಭಕೋಶ ತೆಗೆದು ಅವಳನ್ನು ಉಳಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ಒಂದೂವರೆ ತಿಂಗಳಿದ್ದು ಮಗುವೂ ಉಳಿಯಿತು. ಮೂರನೆಯದೂ ಹೆಣ್ಣು. ಮನೆಗೆ ಬಂದ ಮೇಲೆ ಅವಳೇ ಫೋನ್ ಮಾಡಿ ಕರೆದಳು. ಹೋಗದೆ ವಿಧಿಯಿರಲಿಲ್ಲ.

ಹೋಗಿ ನೋಡಿದರೆ ಹೊಲಿಗೆ ಮೆಷಿನ್ನಿಗೆ ಬೆಡ್‌ಶೀಟ್ ಹೊದಿಸಿಟ್ಟಿದ್ದರು. ಅರ್ಧ ಗಂಟೆ ಪೆಡಲ್ ತುಳಿದರೆ ಸೊಂಟ ಬಿದ್ದುಹೋಗುತ್ತದಂತೆ. ಗೋಡೆಯ ಮೇಲೆ ಶಿಲುಬೆಯ ಪಕ್ಕದಲ್ಲಿ ನಾನು ಕೊಟ್ಟ ಚಾರ್ಟ್ ಇತ್ತು. ಚುಕ್ಕೆಗಳನ್ನು ಎಷ್ಟು ಒಪ್ಪವಾಗಿ ಹಾಕಿದ್ದಳು ಅಂದರೆ ನನ್ನ ಕ್ಲಾಸಿನಲ್ಲಾಗಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ನಾನು ನೋಡಿದ್ದನ್ನು ಅವಳು ನೋಡಿದಳು. "ನಾನ್ ಹಾಕ್ತಿದ್ದೆ ಆಂಟಿ. ಇವ್ರು ನೋಡ್ಬೇಕಲ್ಲಾ!" ಎಂದು ನಕ್ಕಳು. ನಕ್ಕಿದ್ದಕ್ಕೆ ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡಳು.

ಆಮೇಲೆ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಳು. "ನೀವೇ ಇವಳ ಜ್ಞಾನತಾಯಿ ಆಗ್ಬೇಕು ಆಂಟಿ. ಜ್ಞಾನಸ್ನಾನದಲ್ಲಿ ನೀವೇ ಎತ್ಕೋಬೇಕು. ಫಾದರ್ ಹತ್ರ ಹೇಳಿಬಿಟ್ಟಿದ್ದೀನಿ."

ಜ್ಞಾನತಾಯಿ ಅಂದರೆ ಬ್ಯಾಪ್ಟಿಸಂ ಕೊಡುವಾಗ ಪೀಠದ ಮುಂದೆ ಮಗುವಿನ ಪರವಾಗಿ ಮಾತು ಕೊಡುವವಳು. ಸೈತಾನನನ್ನೂ ಅವನ ಸುಳ್ಳನ್ನೂ ತ್ಯಜಿಸುತ್ತೀಯಾ ಅಂದರೆ ತ್ಯಜಿಸುತ್ತೇನೆ ಅನ್ನಬೇಕಾದವಳು. "ನಾನ್ಯಾಕಮ್ಮಾ, ಬೇರೆ ಯಾರಾದ್ರೂ..." ಎಂದು ತೊದಲಿದೆ.

"ನೀವೇ ಆಗ್ಬೇಕು. ನೀವ್ ಸರಿಯಾಗೇ ಹೇಳ್ಕೊಟ್ರಿ ಆಂಟಿ, ನೀವೂ ಹಾಗೇ ಇದ್ದು ತೋರ್ಸಿದ್ರಿ. ನನ್ ಕೈಲೇ ಆಗ್ಲಿಲ್ಲ. ತಪ್ಪು ನಂದೇ."

ಅಯ್ಯೋ ಕರ್ತನೇ! ಸಾವಿನ ಬಾಗಿಲು ತಟ್ಟಿ ಬಂದವಳು ನನ್ನ ಮುಂದೆ ಕೂತು ತಪ್ಪು ತನ್ನದೆನ್ನುತ್ತಿದ್ದಾಳೆ. ಆಗಲೂ ಸುಮ್ಮನಿದ್ದುಬಿಡಬಹುದು ಅನ್ನಿಸಿತು ಅಂದರೆ ನಂಬುತ್ತೀರಾ? ಅನ್ನಿಸಿತು. ಮಗು ಕಣ್ಣು ಮುಚ್ಚಿಕೊಂಡೇ ಬಾಯಿ ಚಪ್ಪರಿಸುತ್ತಿತ್ತು, ನನ್ನ ಅಂಗೈಯಗಲ ಮುಖ.

"ನಾನು ಆಪರೇಷನ್ ಮಾಡಿಸ್ಕೊಂಡಿದ್ದೆ ಕಣಮ್ಮಾ. ಎರಡನೇದು ಹುಟ್ಟಿದಾಗ್ಲೇ" ಅಂದೆ.

ಅವಳಿಗೆ ಅರ್ಥವಾಗುವಷ್ಟೂ ಪುರುಸೊತ್ತು ಕೊಡದೆ ನಾನು ಬಡಬಡಿಸಿದೆ. ನಾನಾಗಿ ಹೇಳಿದ್ದಲ್ಲ, ಹಾಳೆಯಲ್ಲಿ ಹಾಗಿತ್ತು, ಧರ್ಮಾಧ್ಯಕ್ಷರ ಬೋಧನೆ ಅದು, ಬೇರೆ ಹೇಗೆ ಹೇಳಲಿ ಎಂದೆಲ್ಲ. ಅವಳು ಎರಡೂ ಕೈ ಚಾಚಿ ಮಗುವನ್ನು ನನ್ನ ಮಡಿಲಿಂದ ತೆಗೆದುಕೊಂಡಳು. ಬಟ್ಟೆ ಸರಿಮಾಡಿ ಎದೆಗೆ ಒತ್ತಿಕೊಂಡಳು.

"ಧರ್ಮಾಧ್ಯಕ್ಷರು ಏನಂತಾರೆ ಅಂತ ನಾನ್ ಕೇಳಿರ್ಲಿಲ್ಲ ಆಂಟಿ," ಅಂದಳು. "ನೀವೇನ್ ಮಾಡಿದ್ರಿ ಅಂತ ಕೇಳಿದ್ದೆ. ಎರಡ್ ಸಲ ಕೇಳಿದ್ದೆ."