ಬೈತಲೆ ಯಾವ ಕಡೆ?

ಮಿಂಚುಳ್ಳಿ ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂದಾಗ ಬೈತಲೆ ಮಾಮ ಒಬ್ಬ ಬಸ್ ಡ್ರೈವರನ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಕತ್ತಿ ಇಟ್ಟಿದ್ದ. ಡ್ರೈವರ್ ನೊರೆ ಮೆತ್ತಿದ ಮುಖದಲ್ಲೇ ದಡಕ್ಕನೆ ಎದ್ದ. ಕೆನ್ನೆಯ ಮೇಲೆ ಕತ್ತಿ ಇರುವಾಗ ಯಾರೂ ಹಾಗೆ ಏಳಬಾರದು. ಆದರೆ ಮಾಮನ ಕೈ ಎಂಥದ್ದೆಂದರೆ, ಅವನು ಏಳುವಷ್ಟರಲ್ಲಿ ಕತ್ತಿ ಆಗಲೇ ಗಾಳಿಯಲ್ಲಿತ್ತು.

"ಕೂತ್ಕೋ. ಅರ್ಧ ಮುಖ ಹೊತ್ಕೊಂಡು ಎಲ್ಲಿಗೆ ಹೋಗ್ತೀಯ?" ಎಂದ ಮಾಮ.

ಬಲಗೆನ್ನೆ ಮುಗಿಸಿದ, ಮುಖ ಒರೆಸಿದ, ಕುತ್ತಿಗೆಯ ಬಟ್ಟೆ ಬಿಚ್ಚಿ ಕೊಡವಿದ. ಆಮೇಲೆ ಒಳಗಿನ ಕೋಣೆಗೆ ಹೋಗಿ, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತ. ನೀರಿನ ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ ಎಂದು ಅವನ ಲೆಕ್ಕಾಚಾರ. ಬೆಂಚಿನ ಮೇಲಿದ್ದ ನಾಲ್ವರಿಗೂ ಚೆನ್ನಾಗಿಯೇ ಕೇಳಿಸಿತು.

ಮಿಂಚುಳ್ಳಿ ಎಂದರೆ ಹಾಡುಗಾರ. ಮೊದಲ ಸಲ ವೇದಿಕೆ ಹತ್ತಿದಾಗ ಹೊಳೆಯುವ ನೀಲಿ ಜಾಕೆಟ್ ತೊಟ್ಟಿದ್ದನಂತೆ. ಯಾರೋ ಇಟ್ಟ ಆ ಹೆಸರು ಹಾಗೇ ಅಂಟಿಕೊಂಡಿತ್ತು. ಗಿಟಾರ್ ಹಿಡಿದು, ಒಂದು ಕಾಲಿನಿಂದ ತಾಳ ಕುಟ್ಟುತ್ತ, ಪಕ್ಕದ ಮನೆಯವನು ಗೋಡೆಯಾಚೆಯಿಂದ ಮಾತಾಡಿಸಿದ ಹಾಗೆ ಹಾಡುತ್ತಿದ್ದ. ಕೊನೆಯ ಬಸ್ಸು ತಪ್ಪಿಸಿಕೊಂಡವನ ಬಗ್ಗೆ ಅವನದೊಂದು ಹಾಡಿತ್ತು. ಆ ಊರಿನಲ್ಲಿ 'ಬಸ್ಸಿನ ಹಾಡು' ಗೊತ್ತಿಲ್ಲದವರೆಂದರೆ ಇನ್ನೂ ತೊಟ್ಟಿಲಿನಲ್ಲಿದ್ದವರು ಮಾತ್ರ.

ಬೈತಲೆ ಮಾಮ ಹುಟ್ಟಿನಿಂದಲೇ ಬೈತಲೆ ಮಾಮನಾಗಿರಲಿಲ್ಲ. ಹದಿನೆಂಟರಲ್ಲಿ ಸೋದರಮಾವನ ಸಲೂನಿಗೆ ಬಂದು ಸೇರಿದಾಗ ಅವನೊಬ್ಬ ಬಾಯಿಲ್ಲದ ಪ್ರಾಣಿ. ಗಿರಾಕಿ ಮಾತಾಡಿಸಿದರೆ ಬಾಚಣಿಗೆಗೆ ಉತ್ತರ ಹೇಳುತ್ತಿದ್ದ. ಸೋದರಮಾವನಿಗೆ ಬರುತ್ತಿದ್ದದ್ದು ಮೂರೇ ಕಟಿಂಗು: ಗಿಡ್ಡ, ಇನ್ನೂ ಗಿಡ್ಡ ಮತ್ತು ಪೊಲೀಸು. ಮೂರು ವರ್ಷ ಊರಿನವರ ಕತ್ತಿನ ಹಿಂಭಾಗ ಬಿಟ್ಟರೆ ಈ ಪುಣ್ಯಾತ್ಮ ಬೇರೇನನ್ನೂ ಕಣ್ಣೆತ್ತಿ ನೋಡಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ವಾರಪತ್ರಿಕೆಯ ನಡುಪುಟದಲ್ಲಿ ಮಿಂಚುಳ್ಳಿಯ ಪಟ ಬಂತು. ನೇರವಾಗಿ ಎದುರು ನೋಡುವ ಮುಖ, ಒಂದು ಬದಿಗೆ ಆಳವಾದ ಬೈತಲೆ, ಇನ್ನೊಂದು ಬದಿಗೆ ಹುಬ್ಬಿನ ತನಕ ಇಳಿದ ಕೂದಲು, ಕೆಳಗೆ ದಪ್ಪಕ್ಷರದಲ್ಲಿ ಅವನ ಹೆಸರು. ಹುಡುಗ ಅದನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಅಂಟಿಸಿದ. "ಇದೇನು ಸಲೂನೋ, ಟಾಕೀಸೋ?" ಎಂದು ಸೋದರಮಾವ ಗುರುಗುಟ್ಟಿದ, ಇವನು ಸೊಪ್ಪು ಹಾಕಲಿಲ್ಲ. ಬಾಳಿನಲ್ಲಿ ಮೊದಲ ಸಲ ಇವನು ಯಾರಿಗಾದರೂ ಸೊಪ್ಪು ಹಾಕದೆ ಇದ್ದದ್ದು ಅದೇ.

ಮೊದಲು ತಲೆ ಕೊಟ್ಟವನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಂಚೆಯವನು. ಅವನಿಗೆ ಆಗ ಹೊರೆ ಕೂದಲು. ಹುಡುಗ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕನ್ನಡಿಯಲ್ಲಿ ಕಾಣುವ ಅವನ ಮುಖ, ಪಕ್ಕದಲ್ಲೇ ಅಂಟಿಸಿದ ಮಿಂಚುಳ್ಳಿಯ ಮುಖ, ಎರಡನ್ನೂ ನೋಡುತ್ತ ಒಂದೂವರೆ ಗಂಟೆ ಕತ್ತರಿ ಆಡಿಸಿದ. ಎರಡು ಮುಖಗಳ ಬೈತಲೆಯೂ ಒಂದೇ ಕಡೆ ಬರಬೇಕು, ಕೂದಲೂ ಒಂದೇ ಕಡೆ ಇಳಿಯಬೇಕು. ಬಂತು, ಇಳಿಯಿತು. ಅಂಚೆಯವನು ಕನ್ನಡಿ ನೋಡಿ "ಅಚ್ಚು ಅವನೇ ಕಣೋ!" ಎಂದು ಕೂಗಿದ. ಮಾರನೆಯ ದಿನ ಅಂಚೆ ಕಚೇರಿಗೆ ಕಚೇರಿಯೇ ಸಾಲು ನಿಂತಿತು. ತಿಂಗಳಲ್ಲಿ ಬಸ್ ಡಿಪೋ, ಆಮೇಲೆ ಕಾಲೇಜು. ಬಾಯಿಲ್ಲದವನಿಗೆ ಬಾಯಿ ಬಂತು. ಬಸ್ಸಿನ ಹಾಡಿನ ತಾಳಕ್ಕೆ ಗಾಳಿಯಲ್ಲಿ ಕತ್ತರಿ ಕಚಕಚ ಎನಿಸುತ್ತ, ತಲೆಗೊಂದು ಕತೆ ಹೇಳುತ್ತ, ಐದೇ ವರ್ಷದಲ್ಲಿ ಅವನು ಊರಿಗೆಲ್ಲ ಮಾಮನಾದ. ಒಬ್ಬ ಹಾಡುಗಾರ ಎಲ್ಲೋ ಕೂತು ಹಾಡಿದ್ದಕ್ಕೆ ಇಲ್ಲೊಬ್ಬನ ಬೆನ್ನು ನೆಟ್ಟಗಾಯಿತು ಎಂದರೆ ನಂಬುವವರು ನಂಬಲಿ, ಮಾಮನಂತೂ ನಂಬಿದ್ದ.

ಎಡವಟ್ಟು ಆಗಿತ್ತು. ಅದನ್ನು ಕಂಡುಹಿಡಿದವಳು ಅವನ ಹೆಂಡತಿ. ಔಷಧಿ ಕಾರ್ಖಾನೆಯಲ್ಲಿ ಬಾಟಲಿಗಳ ಮೇಲೆ ಅಂಟಿಸಿದ ಚೀಟಿ ನೆಟ್ಟಗಿದೆಯೋ ಸೊಟ್ಟಗಿದೆಯೋ ನೋಡುವುದೇ ಅವಳ ಉದ್ಯೋಗ. ಅಂಥವಳ ಕಣ್ಣು ತಪ್ಪಿಸುವುದುಂಟೇ? ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಬುತ್ತಿ ತಂದವಳು, ಅಂಚು ಬಿಟ್ಟಿದ್ದ ಪಟವನ್ನು ಸರಿಯಾಗಿ ಅಂಟಿಸೋಣವೆಂದು ಕನ್ನಡಿಯಿಂದ ತೆಗೆದು ಗಂಡನ ಮುಖದ ಪಕ್ಕ ಹಿಡಿದಳು. ಗಂಡನನ್ನು ನೋಡಿದಳು, ಪಟವನ್ನು ನೋಡಿದಳು.

"ಅಲ್ಲಾರೀ, ಇವನ ಬೈತಲೆ ಎಡಕ್ಕಿದೆ. ನಿಮ್ದು ಬಲಕ್ಕಿದೆ."

ಮಾಮ ಪಟವನ್ನು ಕಿತ್ತುಕೊಂಡು ನೋಡಿದ. ಕನ್ನಡಿಯಲ್ಲಿ ಕಾಣುವ ಮುಖವನ್ನು ಪಟದ ಮುಖಕ್ಕೆ ಹೊಂದಿಸಿದ್ದ ಅವನು. ಕನ್ನಡಿ ಎಡವನ್ನು ಬಲ ಮಾಡುತ್ತದೆ ಎನ್ನುವುದನ್ನು, ದಿನವಿಡೀ ಕನ್ನಡಿಯ ಮುಂದೆಯೇ ನಿಲ್ಲುವ ಮಹಾಶಯ, ಮರೆತಿದ್ದ. ಊರಿನವರೂ ಬೆಳಗ್ಗೆ ತಲೆ ಬಾಚಿಕೊಳ್ಳುವುದು ಕನ್ನಡಿ ನೋಡಿಯೇ. ಅಲ್ಲಿ ತಾವು ಮಿಂಚುಳ್ಳಿಯ ಹಾಗೇ ಕಾಣುತ್ತಿದ್ದರಿಂದ ಯಾರಿಗೂ ಸಂಶಯವೇ ಬಂದಿರಲಿಲ್ಲ. ಹೆಂಡತಿ ನಕ್ಕೂ ನಕ್ಕೂ ಗಿರಾಕಿಯ ಕುರ್ಚಿಯಲ್ಲೇ ಕುಸಿದಳು. ಮಾಮ ಪಟವನ್ನು ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿ ಟವೆಲುಗಳ ಅಡಿಗೆ ತುರುಕಿ, ತೇವ ಹಿಡಿದು ಹಾಳಾಯಿತೆಂದು ಊರಿಗೆ ಹೇಳಿದ. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಎನ್ನುತ್ತ ಮೂವತ್ತಮೂರು ವರ್ಷ ಕಳೆದವು. ಮಿಂಚುಳ್ಳಿ ಆ ನಡುವೆ ಬೈತಲೆ ಬಿಟ್ಟ, ಜುಟ್ಟು ಕಟ್ಟಿದ, ಟೋಪಿ ಹಾಕಿದ. ಊರು ಮಾತ್ರ ಹಳೆಯ ಬೈತಲೆ ಬಿಡಲಿಲ್ಲ. ಮನೆಯಲ್ಲಿ ಜಗಳವಾದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು "ಬಾಯ್ಬಿಡ್ಲಾ?" ಎಂದರೆ ಸಾಕು, ಮಾಮ ತೆಪ್ಪಗಾಗುತ್ತಿದ್ದ.

ಸುದ್ದಿ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ಬೆಂಚು ಸಾಲದೆ ಜನ ಫುಟ್‌ಪಾತಿನಲ್ಲಿ ನಿಂತರು. ಎಲ್ಲರಿಗೂ ಅದೇ ಬೈತಲೆ ಹೊಸದಾಗಿ ಬೇಕಿತ್ತು. ಮಾಮ ಎರಡು ದಿನ ಕೂರಲಿಲ್ಲ. ಕತ್ತರಿ ಆಡುತ್ತಿದ್ದಂತೆ ಒಬ್ಬೊಬ್ಬರೂ ಒಂದೊಂದು ಹೇಳಿದರು. ಒಬ್ಬ ನರ್ಸಮ್ಮನ ಗಂಡ, ಹೆಂಡತಿಯ ಹೆರಿಗೆ ಕೋಣೆಯ ಹೊರಗೆ ಆ ಹಾಡನ್ನೇ ನೂರು ಸಲ ಗುನುಗಿದ್ದನಂತೆ. ಅಭಿಮಾನಿ ಬಳಗದ ಮುಖಂಡ ಅಂಚೆಯವನೇ. ಅವನು ಮಿಂಚುಳ್ಳಿಗೆ ನಲವತ್ತು ಪತ್ರ ಬರೆದಿದ್ದ. ಉತ್ತರ ಬಂದದ್ದು ಒಂದಕ್ಕೆ. ಅದನ್ನು ಯೂನಿಫಾರಂ ಹಾಕಿಕೊಂಡು ತನ್ನದೇ ಮನೆಗೆ ಹೋಗಿ, ಬಾಗಿಲು ತಟ್ಟಿ, ತನಗೆ ತಾನೇ ಬಟವಾಡೆ ಮಾಡಿದ್ದ. ಈಗ ಅವನ ತಲೆ ನುಣ್ಣಗಾಗಿದೆ, ಹುಡುಕಿದರೂ ಒಂದೆಳೆ ಸಿಗದು. ಆದರೆ ಬೈತಲೆಯ ಬಗ್ಗೆ ಅವನಷ್ಟು ಖಡಕ್ಕಾಗಿ ಮಾತಾಡುವವರು ಬೇರೆ ಇರಲಿಲ್ಲ.

ಬಳಗದವರು ಸಲೂನಿನ ಎದುರಿನ ಡಿಪೋ ಗೋಡೆಯ ಮೇಲೆ ಮಿಂಚುಳ್ಳಿಯ ಚಿತ್ರ ಬರೆಸಲು ನಿಶ್ಚಯಿಸಿದರು. ಅಂಗಡಿ ಬೋರ್ಡುಗಳನ್ನು ಬರೆಯುವ ಒಬ್ಬ ಹೆಣ್ಣುಮಗಳು ಒಪ್ಪಿ, ಎರಡು ದಿನ ಏಣಿಯ ಮೇಲೆಯೇ ಕಳೆದಳು. ನೀಲಿ ಜಾಕೆಟ್ಟಿನ ಹರೆಯದ ಮಿಂಚುಳ್ಳಿ, ಎರಡಾಳು ಎತ್ತರ. ಮೂರನೆಯ ಸಂಜೆ ಮುನ್ನೂರು ಜನ ಹೂ ಹಿಡಿದು ಸೇರಿದರು. ಗೋಡೆಯ ಮುಂದೆ ಸಾಲಾಗಿ ನಿಂತು ಒಂದು ಫೋಟೋ ತೆಗೆಸಿಕೊಂಡರು. ಗ್ರಹಚಾರ ಕೆಟ್ಟದ್ದು ಅಲ್ಲಿ. ಅಂಚೆಯವನು ಫೋನಿನಲ್ಲಿ ಫೋಟೋ ನೋಡಿ ಹೌಹಾರಿದ.

"ಏನಮ್ಮಾ ಇದು? ನಮ್ಮೆಲ್ಲರ ಬೈತಲೆ ಒಂದು ಕಡೆ, ಅವನದೊಂದೇ ಇನ್ನೊಂದು ಕಡೆ! ತಪ್ಪಾಗಿ ಬರ್ದಿದ್ದೀಯಲ್ಲ!"

"ತಪ್ಪಿಲ್ಲ ಸಾರ್. ಫೋಟೋ ನೋಡ್ಕೊಂಡೇ ಬರ್ದಿದ್ದೀನಿ," ಎಂದು ಅವಳು ಏಣಿಯ ಮೇಲಿಂದಲೇ ತನ್ನ ಫೋನು ತೋರಿಸಿದಳು.

"ಈ ಫೋನುಗಳು ಎಡಬಲ ಮಾಡ್ತವೆ, ನಂಗೊತ್ತು. ಮುನ್ನೂರು ತಲೆ ತಪ್ಪಾ, ನಿನ್ನೊಂದು ಗೋಡೆ ತಪ್ಪಾ?"

"ಕೆಲಸ ನಂದು ಸಾರ್. ತಪ್ಪಿದ್ರೆ ನಾನೇ ಅಳಿಸ್ತೀನಿ. ತಪ್ಪಿಲ್ಲ."

ಜನ ಮೊದಲೇ ದುಃಖದಲ್ಲಿದ್ದರು. ದುಃಖ ಸಿಟ್ಟಾಗುವುದಕ್ಕೆ ಎಷ್ಟು ಹೊತ್ತು? ಸುಣ್ಣದ ಬಕೆಟ್ಟು ಅಂಚೆಯವನ ಕೈಗೆ ಬಂತು. ಅಳಿಸಿ ಬರೆ, ಇಲ್ಲವೇ ಇಳಿ ಎಂದು ಕೂಗು ಎದ್ದಿತು. ಆಗ ಅಂಚೆಯವನೇ ಕೈಯೆತ್ತಿ, "ಜಗಳ ಯಾಕೆ? ಮಾಮನ್ನ ಕೇಳೋಣ. ಅವನಿಗಿಂತ ಗೊತ್ತಿರೋರು ಯಾರಿದ್ದಾರೆ?" ಎಂದ. ಮುನ್ನೂರು ತಲೆಗಳೂ ಸಲೂನಿನ ಬಾಗಿಲಿನ ಕಡೆಗೆ ತಿರುಗಿದವು.

ಮಾಮ ಬಾಗಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ಆಗಷ್ಟೇ ಕಾರ್ಖಾನೆಯಿಂದ ಬಂದ ಹೆಂಡತಿ. ಅವಳ ಕಡೆ ನೋಡಿದ. ಅವಳು ಸೊಂಟದ ಮೇಲೆ ಕೈಯಿಡಲಿಲ್ಲ.

"ಇದನ್ನ ನಾನು ಹೇಳಲ್ಲ. ನೀವೇ ಹೇಳ್ಬೇಕು," ಎಂದಳು ಮೆಲ್ಲಗೆ.

ಬಾಯಿ ಬಿಟ್ಟರೆ ನಾಳೆಯಿಂದ ಈ ಊರಿನಲ್ಲಿ ಒಂದು ತಲೆಯೂ ತನ್ನ ಕತ್ತರಿಯ ಕೆಳಗೆ ಬಗ್ಗುವುದಿಲ್ಲ. ಹೆಸರೂ ಹೋಯಿತು, ಅಂಗಡಿಯೂ ಹೋಯಿತು. ಬಿಡದಿದ್ದರೆ ಯಾರ ತಪ್ಪಿಗೋ ಆ ಹುಡುಗಿಯ ಕೆಲಸಕ್ಕೆ ಸುಣ್ಣ. ಮಾಮನಿಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ತನ್ನನ್ನು ಮನುಷ್ಯನನ್ನಾಗಿ ಮಾಡಿದವನ ತಲೆಯನ್ನು, ಅವನು ಕೈಯೆತ್ತಿ ಸರಿಮಾಡಿಕೊಳ್ಳಲಾಗದ ಈ ಹೊತ್ತಿನಲ್ಲಿ, ತಪ್ಪಾಗಿ ಬಾಚಿಸುವುದೇ? ಗಂಡಸು ಮೀನಮೇಷ ಎಣಿಸಲಿಲ್ಲ. ಒಳಗೆ ಹೋಗಿ ಡ್ರಾಯರು ಎಳೆದು, ಟವೆಲುಗಳ ಅಡಿಯಿಂದ ಪಟ ತೆಗೆದು, ರಸ್ತೆ ದಾಟಿದ.

"ಅವಳ ಗೋಡೆ ಸರಿ ಇದೆ. ನಿಮ್ಮ ತಲೆಗಳೇ ತಪ್ಪು. ತಪ್ಪು ಮಾಡ್ದೋನು ನಾನು," ಎಂದ. ಪಟವನ್ನು ಎತ್ತಿ ಹಿಡಿದ. "ಕೆಳಗೆ ಅವನ ಹೆಸರು ಅಚ್ಚಾಗಿದೆ, ಓದ್ಕೊಳ್ಳಿ. ಅಕ್ಷರ ನೆಟ್ಟಗಿದೆ ಅಂದ್ಮೇಲೆ ಪಟ ಉಲ್ಟಾ ಆಗಿಲ್ಲ. ಕನ್ನಡಿ ನೋಡ್ಕೊಂಡು ಕತ್ತರಿಸ್ದೆ, ಎಡಬಲ ಆಯ್ತು. ಗೊತ್ತಾದ್ಮೇಲೂ ಮೂವತ್ಮೂರು ವರ್ಷ ಬಾಯಿ ಮುಚ್ಕೊಂಡಿದ್ದೆ. ಹೊಟ್ಟೆಗೆ ಹಾಕ್ಕೊಳ್ಳೋದಾದ್ರೆ ಹಾಕ್ಕೊಳ್ಳಿ. ಆದ್ರೆ ಆ ಗೋಡೆ ಮುಟ್ಬೇಡಿ."

ಅಂಚೆಯವನು ಪಟವನ್ನು ಇಸಿದುಕೊಂಡು ಅಕ್ಷರ ಅಕ್ಷರ ಓದಿದ. ಅವನ ಕೈಯಲ್ಲಿದ್ದ ಬಕೆಟ್ಟು ನಿಧಾನಕ್ಕೆ ನೆಲಕ್ಕಿಳಿಯಿತು. "ಮೊದಲ್ನೇ ತಲೆ ನಂದೇ ಅಲ್ವೇನೋ," ಎಂದನಷ್ಟೆ. ಬೈದಿದ್ದರೆ ವಾಸಿಯಿತ್ತು ಎನಿಸಿತು ಮಾಮನಿಗೆ.

ಆಗ ಮಾತಾಡಿದವಳು ಏಣಿಯ ಮೇಲಿದ್ದವಳು. ಅವಳು ಕೆಳಗೆ ನೋಡುತ್ತಿದ್ದಳು.

"ಸಾರ್, ಫೋಟೋಗೆ ಅವನ ಪಕ್ಕ ನಿಂತ್ಕೊಂಡಿದ್ರಿ, ಅದಕ್ಕೇ ಬೇರೆ ಕಾಣ್ತು. ಈಗ ಎಲ್ಲರೂ ಅವನ ಎದುರಿಗೆ ನಿಂತು, ಮುಖ ನೋಡಿ."

ಜನ ಗೋಡೆಯ ಕಡೆ ತಿರುಗಿದರು. ಆವತ್ತು ನೊರೆ ಮುಖದಲ್ಲೇ ಎದ್ದು ನಿಂತಿದ್ದ ಬಸ್ ಡ್ರೈವರ್ ಸುಮ್ಮನೆ ಕೈಯೆತ್ತಿ ತನ್ನ ಬೈತಲೆ ಮುಟ್ಟಿಕೊಂಡ. ಎದುರಿಗೆ, ಸರಿಯಾಗಿ ಆ ಕೈಯ ನೇರಕ್ಕೇ, ಮಿಂಚುಳ್ಳಿಯ ಬೈತಲೆ ಇತ್ತು.

"ನಮ್ಮನೆ ಕನ್ನಡಿ ನೋಡ್ದಂಗೇ ಇದೆ," ಎಂದ ಅವನು. ಯಾರೋ ಬಸ್ಸಿನ ಹಾಡು ಎತ್ತಿಕೊಂಡರು. ಮುನ್ನೂರು ಕೊರಳು ಸೇರಿದಾಗ ಶ್ರುತಿ ಎಲ್ಲೋ ಹಾರಿಹೋಯಿತು, ಹೋದರೆ ಹೋಗಲಿ. ಮಾಮನ ಬೆರಳುಗಳು ಇಲ್ಲದ ಕತ್ತರಿಯನ್ನು ಕಚಕಚ ಆಡಿಸುತ್ತಿದ್ದವು. ಈ ಸಲ ನಲ್ಲಿ ಬಿಡಲಿಲ್ಲ, ಎಲ್ಲರೆದುರೇ ಅತ್ತ.

ಮಾರನೆಯ ಬೆಳಗ್ಗೆ ಯಾವತ್ತಿನಂತೆ ಏಳಕ್ಕೆ ಸಲೂನಿನ ಬಾಗಿಲು ತೆರೆದ. ಪಟವನ್ನು ಕನ್ನಡಿಯ ಅದೇ ಮೂಲೆಗೆ ಅಂಟಿಸಿದ. ಬುತ್ತಿ ಕೊಟ್ಟು ಕಾರ್ಖಾನೆಗೆ ಹೊರಟ ಹೆಂಡತಿ, "ಇನ್ಮೇಲೆ ಜಗಳಕ್ಕೆ ನನ್ನ ಹತ್ರ ಏನುಳೀತು?" ಎಂದು ನಿಟ್ಟುಸಿರಿಟ್ಟಳು. ಏಳೂವರೆಯಾಯಿತು, ಎಂಟಾಯಿತು. ಬೆಂಚು ಖಾಲಿ. ಮಾಮ ಕತ್ತರಿ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

ಎಂಟು ಹತ್ತಕ್ಕೆ ಅಂಚೆಯವನು ಒಳಗೆ ಬಂದ. ಚೀಲ ಕೆಳಗಿಟ್ಟು, ಟೋಪಿ ತೆಗೆದು, ನೇರವಾಗಿ ಕುರ್ಚಿಯಲ್ಲಿ ಕೂತ.

"ಏನು ಮಾಡ್ಲಿ? ಒಂದು ಕೂದಲೂ ಇಲ್ವಲ್ಲೋ," ಎಂದ ಮಾಮ.

"ಆವತ್ತೂ ಮೊದಲು ಕೂತೋನು ನಾನೇ. ಬಟ್ಟೆ ಹೊದಿಸು."

ಮಾಮ ಬಟ್ಟೆ ಹೊದಿಸಿ ಕುತ್ತಿಗೆಗೆ ಗಂಟು ಹಾಕಿದ. ಬಾಚಣಿಗೆ ತೆಗೆದುಕೊಂಡ. ಮೂವತ್ತೆಂಟು ವರ್ಷದಲ್ಲಿ ಯಾವ ತಲೆಗೂ ಕೇಳದ ಮಾತನ್ನು ಆವತ್ತು ಮೊದಲ ಸಲ ಕೇಳಿದ.

"ಯಾವ ಕಡೆ?"

ಅಂಚೆಯವನು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ, ಮೂಲೆಯ ಪಟ ನೋಡಿದ. ಬೆರಳೆತ್ತಿ ತನ್ನ ಬೋಳುತಲೆಯ ಬಲಬದಿಗೆ ನೇರವಾಗಿ ಒಂದು ಗೆರೆ ಎಳೆದ.

"ಇದ್ದ ಕಡೆಗೇ ಇರ್ಲಿ."

ಮಾಮ ಬಾಚಣಿಗೆಯನ್ನು ನೀರಿನಲ್ಲಿ ಅದ್ದಿ, ಆ ಗೆರೆಯ ಮೇಲೆಯೇ, ನೋಯದ ಹಾಗೆ, ಹಣೆಯಿಂದ ನೆತ್ತಿಯ ತನಕ ಬೈತಲೆ ತೆಗೆದ. ಅಷ್ಟು ಹೊತ್ತಿಗೆ ಬೆಂಚು ತುಂಬಿತ್ತು.