ಬೆಣ್ಣೆಯಂಥ ಎಂಜಿನ್ನುಗಳು

ಕಳೆದ ಒಂದು ವರ್ಷ ನಾನು ಗ್ಯಾರೇಜಿನಲ್ಲಿ ಕೆಲಸ ಮಾಡಿದಷ್ಟು ಖುಷಿಯಾಗಿ ಅದಕ್ಕೆ ಮುಂಚೆ ಎಂದೂ ಮಾಡಿರಲಿಲ್ಲ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಲಾರಿ ಎಂಜಿನ್ ರಿಪೇರಿ ಮಾಡಿಕೊಂಡೇ ನನ್ನ ತಲೆ ನರೆತಿದೆ. ಇಷ್ಟು ಕಾಲ ಮಸಿ ಬಳಿದುಕೊಂಡದ್ದಕ್ಕೆ ಈಗ ಕೈ ಪೂರ್ತಿ ಪಳಗಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಯಾಕೆಂದರೆ ನಾನು ಮುಟ್ಟಿದ ಎಂಜಿನ್ನುಗಳೆಲ್ಲ ಬೆಣ್ಣೆಯ ಹಾಗೆ ಮೆತ್ತಗೆ ಓಡುತ್ತಿದ್ದವು.

ಡೀಸೆಲ್ ಎಂಜಿನ್ ಅಂದಮೇಲೆ ಗಲಾಟೆ ಇದ್ದದ್ದೇ. ಆ ಗಲಾಟೆಯೊಳಗೆ ಇರಬಾರದ ಸದ್ದು ಯಾವುದು ಅಂತ ಹುಡುಕುವುದೇ ನಮ್ಮ ಕಸುಬು. ಮಾರುದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಓಡುತ್ತಿರುವ ಎಂಜಿನ್ನಿನ ಸುತ್ತ ಆಡಿಸಬೇಕು. ಮೇಲಿಂದ ಟಕಟಕ ಅಂದರೆ ವಾಲ್ವ್ ಒತ್ತುವ ಟ್ಯಾಪೆಟ್ ಸಡಿಲ, ಅದು ಸಣ್ಣ ರಿಪೇರಿ. ಕೆಳಗಿಂದ ಯಾರೋ ಬಾಗಿಲು ಬಡಿದ ಹಾಗೆ ಕೇಳಿದರೆ ಬೇರಿಂಗ್ ಹೋಗಿದೆ ಅಂತ ಅರ್ಥ, ಅದು ಆಟವಲ್ಲ. ಈ ಪೈಪಿನ ವಿದ್ಯೆಯನ್ನು ನನ್ನ ಹತ್ತಿರ ಬರುವ ಡ್ರೈವರುಗಳಿಗೂ ಕಲಿಸಿದ್ದೇನೆ.

ಈಚೆಗೆ ಪೈಪ್ ಇಟ್ಟರೆ ಟಕಟಕವೂ ಇಲ್ಲ, ಬಡಿತವೂ ಇಲ್ಲ. ಬೇರಿಂಗ್ ಒಳ್ಳೆಯದು, ಆಯಿಲ್ ಒಳ್ಳೆಯದು, ಅವೆರಡಕ್ಕಿಂತ ಮೆಕ್ಯಾನಿಕ್ ಒಳ್ಳೆಯವನು ಅಂತ ಬಂದವರ ಮುಂದೆಲ್ಲ ಕೊಚ್ಚಿಕೊಂಡೆ. ಅವರು ಹೂಂ ಅಂತ ತಲೆಯಾಡಿಸುತ್ತಿದ್ದರು. ನಿಮಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ ಅಂತ ಹೆಂಡತಿ ಮಾತ್ರ ಹೇಳುತ್ತಲೇ ಇದ್ದಳು. ನೀನು ಬಾಯೊಳಗೇ ಗೊಣಗುವುದನ್ನು ಬಿಡು, ಎಲ್ಲ ಕೇಳಿಸುತ್ತದೆ ಅಂತ ಅವಳ ಮೇಲೇ ರೇಗುತ್ತಿದ್ದೆ.

ಒಂದು ಬೆಳಿಗ್ಗೆ ಮಂಗಳೂರಿಗೆ ತರಕಾರಿ ಸಾಗಿಸುವ ಒಬ್ಬನ ಲಾರಿ ಮುಗಿಸಿದೆ. ತರಕಾರಿ ವ್ಯಾಪಾರದ ಮನೆಯವನು, ಲಾರಿ ಅವನದೇ, ಓಡಿಸುವವನೂ ಅವನೇ. ತಳದಲ್ಲಿ ಬಡಿತ ಅಂತ ಬಂದಿದ್ದ. ಬೇರಿಂಗುಗಳನ್ನು ಬದಲಾಯಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಪೈಪ್ ಇಟ್ಟೆ. ಬೆಣ್ಣೆ. ಧೈರ್ಯವಾಗಿ ಲೋಡ್ ಹಾಕಿಕೊಂಡು ಘಟ್ಟ ಇಳಿ ಅಂತ ಕಳಿಸಿ, ನಾನು ಊಟಕ್ಕೆ ಮನೆಗೆ ನಡೆದೆ.

ಒಲೆಯ ಮೇಲೆ ಕುಕ್ಕರಿತ್ತು. ವಿಸಲ್ ಕೂಗಿದರೆ ಆರಿಸಿ ಅಂತ ಹೇಳಿ ಹೆಂಡತಿ ಸೊಪ್ಪು ತರಲು ಹೋದಳು. ನಾನು ಪಕ್ಕದ ಕೋಣೆಯಲ್ಲೇ ಪೇಪರ್ ಓದುತ್ತ ಕೂತಿದ್ದೆ. ಅವಳು ವಾಪಸ್ ಬರುವಷ್ಟರಲ್ಲಿ ಬೇಳೆ ತಳ ಹತ್ತಿ ಕರಕಲಾಗಿತ್ತು, ವಾಸನೆ ಬೀದಿಗೆಲ್ಲ ಹಬ್ಬಿತ್ತು. ಅವಳು ಒಲೆ ಆರಿಸಿದಳು. ಸಂಜೆ ಆಟೋ ಹತ್ತಿಸಿ ತ್ಯಾಗರಾಜನಗರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ ನಕ್ಕರು. ಬೆಚ್ಚಗಿನ ನೀರು ಹಾಯಿಸಿ ಎರಡೂ ಕಿವಿಯಿಂದ ಕರಿಯ ಗುಗ್ಗೆ ಉಂಡೆಗಳನ್ನು ತೆಗೆದು ತಟ್ಟೆಗೆ ಹಾಕಿದರು. ಧೂಳು, ಎಣ್ಣೆ, ಗ್ರೀಸು ಎಲ್ಲ ಸೇರಿ ಗಟ್ಟಿಯಾಗಿದ್ದವು. ಕಿವಿಗೆ ಬೇರೇನೂ ಆಗಿಲ್ಲ ಅಂದರು. ಅಷ್ಟು ದಿನ ಮೇಲೆ ಮೇಲೆ ರೇಗುತ್ತಿದ್ದರೂ ಒಳಗೊಳಗೆ ನನಗೂ ಹೆದರಿಕೆ ಇತ್ತು ಅಂತ ಆಗಲೇ ನನಗೆ ಗೊತ್ತಾದದ್ದು. ಹೊರಗೆ ಬಂದರೆ ಹೆಂಡತಿಯ ಬಳೆ, ಯಾರದೋ ಚಪ್ಪಲಿ, ಎಲೆಯ ಮೇಲೆ ಬಿದ್ದ ಹನಿ, ಎಲ್ಲ ಕೇಳುತ್ತಿತ್ತು. ಮಗುವಿನ ಹಾಗೆ ತಲೆ ತಿರುಗಿಸಿ ತಿರುಗಿಸಿ ನೋಡಿದೆ.

ಅಷ್ಟರಲ್ಲಿ ಒಂದು ಗೂಡ್ಸ್ ಗಾಡಿ ನಮ್ಮ ಎದುರಿಗೇ ಬಂದು ನಿಂತಿತು. ಟ್ಯಾಪೆಟ್ಟಿನ ಟಕಟಕ ಗಿಣಿ ಮಾತಾಡಿದಷ್ಟು ಸ್ಪಷ್ಟ. ಈ ಸದ್ದು ಕೇಳಿ ಎಷ್ಟು ಕಾಲವಾಯಿತು ಅಂದುಕೊಂಡವನಿಗೆ ತಟ್ಟನೆ ಹೊಳೆಯಿತು. ಮೆತ್ತಗಿದ್ದದ್ದು ಎಂಜಿನ್ನಲ್ಲ. ಬೆಳಿಗ್ಗೆ ಕಳಿಸಿದ ಲಾರಿಯ ತಳದಲ್ಲಿ ಬಡಿತ ಹಾಗೇ ಉಳಿದಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ತುಂಬಿದ ಲೋಡಿನಲ್ಲಿ ಬೇರಿಂಗ್ ಕಚ್ಚಿಕೊಂಡರೆ ಎಂಜಿನ್ ನಿಂತುಬಿಡುತ್ತದೆ. ಲಾರಿಯ ಬ್ರೇಕಿಗೆ ಗಾಳಿ ತುಂಬುವುದೂ ಅದೇ ಎಂಜಿನ್. ಘಟ್ಟದ ಇಳಿಜಾರಿನಲ್ಲಿ ಹಾಗಾದರೆ ಮುಂದಿನದನ್ನು ನಾನು ಬರೆಯಲಾರೆ.

ತರಕಾರಿ ಲಾರಿಯವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆಟೋದವನಿಗೆ ಮನೆಗೆ ಬೇಡ, ಗ್ಯಾರೇಜಿಗೆ ಬಿಡಪ್ಪ ಅಂದೆ. ಮೊನ್ನೆ ಮುಗಿಸಿ ನಿಲ್ಲಿಸಿದ್ದ ಇನ್ನೊಂದು ಲಾರಿ ಅಲ್ಲಿತ್ತು. ಅದೂ ಬೆಣ್ಣೆ ಅಂತ ಓನರಿಗೆ ಹೇಳಿಯಾಗಿತ್ತು. ಸ್ಟಾರ್ಟ್ ಮಾಡಿದೆ. ಪೈಪೇ ಬೇಕಾಗಲಿಲ್ಲ, ಬಾಗಿಲಲ್ಲಿ ನಿಂತಿದ್ದ ಹೆಂಡತಿಗೂ ಟ್ಯಾಪೆಟ್ ಸದ್ದು ಕೇಳಿಸಿತು. ಮತ್ತೆ ಫೋನ್ ಮಾಡಿದೆ, ಮತ್ತೂ ಮಾಡಿದೆ. ಈ ಹೊತ್ತಿಗೆ ಅವನು ಸಕಲೇಶಪುರದ ಹತ್ತಿರ ಇರಬೇಕು, ಅದನ್ನು ದಾಟಿದರೆ ಘಟ್ಟ. ಹೆಂಡತಿ ಟೂಲ್ ಪೆಟ್ಟಿಗೆಯ ಮೇಲೆ ಕೂತು ದೇವರನ್ನು ನೆನೆಯುತ್ತಿದ್ದಳು.

ಕೊನೆಗೆ ಅವನೇ ಫೋನ್ ಮಾಡಿದ. ಟೀ ಕುಡಿಯಲು ಈಗ ನಿಲ್ಲಿಸಿದೆ, ಗಾಡಿ ಓಡಿಸುವಾಗ ಫೋನ್ ಎತ್ತಬೇಡ ಅಂತ ನೀವೇ ಬೈದಿದ್ದಿರಲ್ಲ ಅಂದ. ಅವನ ಮಾತು ಮುಗಿಯಲೂ ಬಿಡಲಿಲ್ಲ ನಾನು.

“ಅಲ್ಲೇ ಇರು, ಘಟ್ಟ ಇಳೀಬೇಡ. ನನ್ನ ಕಿವಿ ಕಟ್ಕೊಂಡಿತ್ತು ಕಣಪ್ಪ. ಬೆಳಿಗ್ಗೆ ನಾನು ಕೇಳಿ ಓಕೆ ಅಂದಿದ್ದು ಲೆಕ್ಕಕ್ಕಿಲ್ಲ.”

ಆ ಕಡೆಯಿಂದ ಅವನು ಟೀ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

“ಅಣ್ಣ, ಅದು ನಮಗೆ ಯಾವಾಗ್ಲೋ ಗೊತ್ತು. ಹೊರಡೋಕ್ ಮುಂಚೆ ನಾನೇ ಪೈಪ್ ಇಟ್ಟು ಕೇಳ್ದೆ. ಬೇರಿಂಗ್ ಪಕ್ಕಾ ಕೂತಿದೆ. ಒಂದು ಟ್ಯಾಪೆಟ್ ಲೂಸಿತ್ತು, ಟೈಟ್ ಮಾಡ್ಕೊಂಡೇ ಬಂದಿದೀನಿ.”

ಅವನೊಬ್ಬನೇ ಅಲ್ಲವಂತೆ. ನನ್ನ ಹತ್ತಿರ ಬರುವವರೆಲ್ಲ ಹಾಗೇ ಮಾಡುತ್ತಿದ್ದರಂತೆ. ನಾನು ಬೆಣ್ಣೆ ಅಂದ ಕೂಡಲೇ ತಲೆಯಾಡಿಸಿ, ಗಾಡಿಯನ್ನು ಬೀದಿಯಾಚೆಯ ಮೈದಾನದ ಪಕ್ಕಕ್ಕೆ ಒಯ್ದು, ನಾನು ಕಲಿಸಿದ ಹಾಗೇ ಪೈಪ್ ಇಟ್ಟು ಕೇಳಿ, ಸಣ್ಣಪುಟ್ಟದ್ದನ್ನು ತಾವೇ ಸರಿಮಾಡಿಕೊಂಡು ಹೋಗುತ್ತಿದ್ದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ಒಂದು ವರ್ಷ ನನ್ನನ್ನು ಕೋಡಂಗಿ ಮಾಡಿದಿರಲ್ಲ, ಕಿವುಡ ಅಂತ ಗೊತ್ತಿದ್ದ ಮೇಲೆ ನನ್ನ ಹತ್ತಿರ ಯಾಕೆ ಬರುತ್ತಿದ್ದಿರಿ ಅಂತ ಕೂಗಾಡಿದೆ.

“ಕೇಳೋಕೆ ನಮ್ ಕಿವಿ ಇದೆಯಲ್ಲಣ್ಣ. ಬೇರಿಂಗ್ ಕೂರಿಸೋಕೆ ನಿಮ್ ಕೈ ಬೇಕು.”

“ಹಾಗಾದ್ರೆ ಒಂದ್ ಮಾತು ಹೇಳೋಕೇನಾಗಿತ್ತು?”

“ಯಾರ್ ಹೇಳ್ತಾರಣ್ಣ? ನೀವು ಅಷ್ಟು ಖುಷಿಯಾಗಿದ್ರಿ.”

ನಿಧಾನವಾಗಿ ಇಳಿ, ತಲುಪಿದ ಮೇಲೆ ತಿಳಿಸು ಅಂತ ಹೇಳಿ ಫೋನ್ ಇಟ್ಟೆ. ನಾಚಿಕೆಯೋ ನೆಮ್ಮದಿಯೋ, ಕಣ್ಣು ತುಂಬಿ ಹರಿಯತೊಡಗಿತು. ಹೆಂಡತಿ ಗಾಬರಿಯಾಗಿ ಎದ್ದು ಬಂದು, ಏನಾಯಿತು, ಅವನಿಗೇನಾಯಿತು ಅಂತ ತೋಳು ಹಿಡಿದು ಅಲ್ಲಾಡಿಸಿದಳು.

“ಏನೂ ಆಗಿಲ್ಲ ಕಣೆ,” ಅಂದೆ. “ಟೀ ಕುಡೀತಿದಾನೆ.”