ಸೊಳ್ಳೆ ಅತ್ತೆಯ ಹ್ಯಾಂಡಲ್ ಟೇಪು

ಬೀದಿಯ ಮಕ್ಕಳು ಅವಳನ್ನು ಸೊಳ್ಳೆ ಅತ್ತೆ ಎಂದು ಕರೆಯುತ್ತಿದ್ದರು. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ಆ ಹೆಸರು ಕಿವಿಗೆ ಬಿದ್ದರೂ ಅವಳಿಗೆ ಬೇಸರವಿರಲಿಲ್ಲ. "ಸೊಳ್ಳೆ ಹೇಳದೆ ಕಚ್ಚುತ್ತೆ, ನಾನು ಹೇಳಿ ಕಚ್ತೀನಿ" ಎನ್ನುತ್ತ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಳು.

ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಊಟವನ್ನೂ ಅಡುಗೆಮನೆಯಲ್ಲಿ ಓಡಾಡಿಕೊಂಡೇ ಮುಗಿಸುವಳು. ರಕ್ತದ ಸೀಸೆಗಳ ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ ಹತ್ತಿದಳೆಂದರೆ, ಕಾರುಗಳು ಸಿಕ್ಕಿಕೊಂಡು ನಿಂತ ರಸ್ತೆಯಲ್ಲೂ ನುಸುಳಿಕೊಂಡು ಹೋಗಿಬಿಡುತ್ತಿದ್ದಳು.

ಒಂದು ದಿನ ಸ್ನಾನ ಮಾಡುವಾಗ ಕುತ್ತಿಗೆಯ ಪಕ್ಕದಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಅವಳು ಕೆಲಸ ಮಾಡುವ ಕಡೆಯ ಡಾಕ್ಟರಮ್ಮ ಗಂಟಿಗೆ ಸೂಜಿ ಚುಚ್ಚಿ, ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. "ಫಲಿತಾಂಶ ಬಂದ ಕೂಡಲೇ ನಾನೇ ಫೋನ್ ಮಾಡ್ತೀನಿ" ಎಂದರು. ಗಂಡನಿಗೆ ಅವಳು ಹೇಳಲಿಲ್ಲ. ಅವನು ಬೇಕರಿಯಲ್ಲಿ ಹಿಟ್ಟು ನಾದುವವನು. ಬೆಳಕು ಹರಿಯುವ ಮೊದಲೇ ಹೋಗಿ, ಮಧ್ಯಾಹ್ನ ಬಂದು, ಗೋಡೆಗೆ ಮುಖ ಮಾಡಿ ಮಲಗುವವನು. ಅವನ ನಿದ್ದೆ ಯಾಕೆ ಕೆಡಿಸಬೇಕು ಎಂದು ತನಗೆ ತಾನೇ ಸಬೂಬು ಹೇಳಿಕೊಂಡಳು.

ಫಲಿತಾಂಶ ಬರುವ ದಿನ ರಜೆ ಹಾಕಿದ್ದೇ ತಪ್ಪಾಯಿತು. ತೊಳೆದ ಡಬ್ಬಿಗಳನ್ನೇ ಮತ್ತೆ ತೊಳೆದಳು. ಫೋನನ್ನು ಮಗುಚಿಟ್ಟಳು, ಎತ್ತಿ ನೋಡಿದಳು, ಮತ್ತೆ ಮಗುಚಿಟ್ಟಳು. ಬಾಗಿಲ ಪಕ್ಕ ಒರಗಿಸಿದ್ದ ಸೈಕಲ್ ಆಗ ಕಣ್ಣಿಗೆ ಬಿತ್ತು. ಹ್ಯಾಂಡಲಿನ ಟೇಪು ಬೆವರು ಕುಡಿದು ಕುಡಿದು ಕಲ್ಲಿನಂತಾಗಿತ್ತು. ಹೊಸ ಟೇಪಿನ ಜೋಡಿ ಸುರುಳಿ ಬೀರುವಿನಲ್ಲಿ ಎಂದಿನಿಂದಲೋ ಬಿದ್ದಿತ್ತು.

ಎಡಗಡೆಯ ಹಳೆಯದನ್ನು ಕಿತ್ತು, ಅಂಟನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಕೆಳತುದಿಯಿಂದ ಶುರು ಮಾಡಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಸುತ್ತುತ್ತ ಮೇಲೇರಬೇಕು. ಕೈ ಮಾತ್ರ ಮಾತು ಕೇಳಲಿಲ್ಲ. ಬಾಗಿದ ಕಡೆ ಸುತ್ತುಗಳು ಬಾಯ್ಬಿಟ್ಟು ಕಬ್ಬಿಣ ಇಣುಕಿತು. ಬಿಚ್ಚಿದಳು. ಮತ್ತೆ ಸುತ್ತಿದಳು, ಈ ಸಲ ಒಂದರ ಮೇಲೊಂದು ಹತ್ತಿ ಗಂಟಾಯಿತು. ಗಂಟು ಕಂಡದ್ದೇ ತಡ, ರೇಗಿಹೋಗಿ ಪೂರ್ತಿ ಬಿಚ್ಚಿ, ಮೊದಲಿನಿಂದ ಜಗ್ಗಿ ಜಗ್ಗಿ ಸುತ್ತಿದಳು. ಟೇಪು ಪಟಕ್ಕನೆ ಹರಿಯಿತು. ಮೊಣಕೈ ತಾಗಿ ಕತ್ತರಿ ನೆಲಕ್ಕೆ ಬಿತ್ತು.

ಬೇಕರಿಯಿಂದ ಬಂದು ಮಲಗಿದ್ದ ಗಂಡ ಎದ್ದು ಬಂದ. "ಏನದು?"

"ಏನಿಲ್ಲ, ಮಲಕ್ಕೊಳ್ಳಿ."

ಅವನು ಹರಿದ ಚೂರನ್ನು ಎತ್ತಿ ನೋಡಿದ. "ಪಾಪ, ಇದೇನು ಮಾಡ್ತು ನಿಂಗೆ?"

ನಗಲು ಹೋದಳು, ಆಗಲಿಲ್ಲ. ಹ್ಯಾಂಡಲನ್ನೇ ನೋಡುತ್ತ ಗಂಟಿನ ವಿಷಯ, ಸೂಜಿಯ ವಿಷಯ, ಬರಬೇಕಾದ ಫೋನಿನ ವಿಷಯ ಎಲ್ಲವನ್ನೂ ಹೇಳಿದಳು. ಅವನು ಹರಿದ ಚೂರನ್ನು ಕೆಳಗಿಟ್ಟ.

"ಊರವರ ರಕ್ತದ ವಿಷಯ ಎಲ್ಲ ನಿಂಗೆ ಗೊತ್ತಿರುತ್ತೆ. ನಿನ್ನದು ನಂಗೆ ಗೊತ್ತಾಗಬಾರದಾ?"

"ನಿಮಗೆ ನಿದ್ದೆ ಬರಲ್ಲ ಅಂತ..."

"ಈಗೇನು, ಗೊರಕೆ ಹೊಡೀತಿದ್ದೀನಾ?"

ಅವನು ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಇರುಕಿಕೊಂಡು ನಿಂತ. ಬಲಗಡೆಗೆಂದು ಇದ್ದ ಸುರುಳಿಯನ್ನೇ ಅವಳು ಎಡಗಡೆಗೆ ಸುತ್ತತೊಡಗಿದಳು. ಸೈಕಲ್ ಅಲುಗದಿದ್ದುದರಿಂದ ಕೆಲಸ ಸಾಗಿತು. ಬ್ರೇಕಿನ ಬುಡವನ್ನು ಬಳಸಿ ಟೇಪು ತರುತ್ತಿದ್ದಾಗ ಫೋನ್ ಹೊಡೆದುಕೊಂಡಿತು.

"ನೀವೇ ಎತ್ತಿ. ಕೈ ಬಿಟ್ರೆ ಎಲ್ಲ ಬಿಚ್ಚಿಕೊಳ್ಳುತ್ತೆ."

ಅವನು ಸ್ಪೀಕರ್ ಹಾಕಿ ಹಿಡಿದ. ಡಾಕ್ಟರಮ್ಮನ ದನಿ ಬಂತು: "ಹೆದರೋ ಅಂಥದ್ದೇನೂ ಇಲ್ಲಮ್ಮ. ಆದ್ರೆ ಒಂದು ಕಣ್ಣಿಟ್ಟಿರೋಣ. ಆರು ತಿಂಗಳಾದ ಮೇಲೆ ಮತ್ತೆ ನೋಡ್ತೀನಿ."

ಅವಳು ಹೂಂ ಎಂದಳು. ಹ್ಯಾಂಡಲಿನ ನಡುಭಾಗದವರೆಗೂ ಸುತ್ತಿದಳು, ತುದಿಯನ್ನು ಓರೆಯಾಗಿ ಕತ್ತರಿಸಿದಳು, ಅದರ ಮೇಲೆ ಕರೆಂಟಿನ ವೈರಿಗೆ ಹಾಕುವ ಕರಿಯ ಅಂಟುಪಟ್ಟಿ ಬಿಗಿದಳು. ಆಮೇಲೆ ನೆಲದ ಮೇಲೇ ಕೂತುಬಿಟ್ಟಳು.

"ಮತ್ತೆ ನೋಡ್ತೀನಿ ಅಂದ್ರಲ್ಲ," ಎಂದಳು. "ಮತ್ತೆ ಯಾಕೆ?"

"ಹೆದರಬೇಡ ಅಂತಾನೂ ಅಂದ್ರು. ಅದು ಕೇಳಿಸಲಿಲ್ವಾ?"

ಕೇಳಿಸಿತ್ತು. ಆದರೂ ಮನೆಯಲ್ಲಿ ಕೂರಲಾಗದೆ ಸೈಕಲ್ ಹತ್ತಿ ಹೊರಟಳು. ಎಡಗೈಗೆ ಮೆತ್ತಗಿನ ಹೊಸ ಟೇಪು, ಬಲಗೈಗೆ ಹಳೆಯ ಒರಟು. ಕತ್ತಲಾಗುವವರೆಗೂ ಗೊತ್ತುಗುರಿಯಿಲ್ಲದೆ ಸುತ್ತಿದಳು.

ಆರು ತಿಂಗಳ ಮೇಲೆ ಎರಡನೆಯ ಸಲ ತೋರಿಸಲು ಹೋದಾಗ ಗಂಡನೂ ಜೊತೆಗೆ ಬಂದ. ಡಾಕ್ಟರಮ್ಮ ಒಳಗೆ ಕರೆಯುವವರೆಗೆ ಇಬ್ಬರೂ ಬೆಂಚಿನ ಮೇಲೆ ಕಾದರು.

"ಕಾಲು ಅಲ್ಲಾಡಿಸಬೇಡಿ ರೀ, ಬೆಂಚೆಲ್ಲ ಕುಣೀತಿದೆ."

"ನಾನಲ್ಲ, ನೀನೇ."

ಬಗ್ಗಿ ನೋಡಿದರೆ ಇಬ್ಬರ ಕಾಲೂ ಅಲ್ಲಾಡುತ್ತಿತ್ತು.

ಗಂಟು ಬೆಳೆದಿರಲಿಲ್ಲ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು ಡಾಕ್ಟರಮ್ಮ. ಗಂಡನನ್ನು ಬಸ್ಸಿಗೆ ಹತ್ತಿಸಲೆಂದು ಅವಳು ಸೈಕಲ್ ತಳ್ಳಿಕೊಂಡು ಸ್ಟಾಪಿನವರೆಗೆ ಬಂದಳು. ಬಸ್ಸಿನ ಸುಳಿವಿರಲಿಲ್ಲ. ಅವಳಿಗೆ ನಿಲ್ಲಲಾಗಲಿಲ್ಲ.

"ಮುಂದಿನ ಸ್ಟಾಪಲ್ಲಿ ಹತ್ತೀರಂತೆ, ನಡೀರಿ."

ಅಲ್ಲೂ ಬಸ್ಸಿರಲಿಲ್ಲ. ಅವನು ಏನೂ ಕೇಳದೆ ಅದರ ಮುಂದಿನ ಸ್ಟಾಪಿನ ಕಡೆಗೆ ಹೆಜ್ಜೆ ಹಾಕಿದ.